ದಂಡಿಗೆ ದವಸ, ರೈತನಿಗೆ ನ್ಯಾಯ: ಕರ್ನಲ್ ಮೆಡೋಸ್ ಟೇಲರ್ ಬದುಕು

ಸೈನ್ಯದ ಚರಿತ್ರೆಯನ್ನು ಬರೆಯುವವರು ಹೆಚ್ಚಾಗಿ ಕತ್ತಿ, ಕೋವಿ, ಕೋಟೆಗಳ ಬಗ್ಗೆಯೇ ಬರೆಯುತ್ತಾರೆ. ಕತ್ತಿ ಹಿಡಿದವನಿಗೆ ಮಧ್ಯಾಹ್ನದ ಊಟ ಎಲ್ಲಿಂದ ಬಂತು, ತೋಪು ಎಳೆದ ಎತ್ತು ಯಾರ ಕೊಟ್ಟಿಗೆಯದು, ಅದರ ಬೆಲೆ ರೈತನ ಕೈಸೇರಿತೇ ಎಂಬ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಈ ಪ್ರಶ್ನೆಗಳ ನಡುವೆಯೇ ತಮ್ಮ ಜೀವನದ ಬಹುಭಾಗವನ್ನು ಕಳೆದ ಒಬ್ಬ ಅಧಿಕಾರಿಯನ್ನು ನಾವು ಈ ಬಾರಿ ನೆನಪಿಸಿಕೊಳ್ಳುತ್ತಿದ್ದೇವೆ. ಅವರೇ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಸಾಹಿತ್ಯ ಬಲ್ಲವರಿಗೆ ಅವರು ಕಾದಂಬರಿಕಾರರು, ಸುರಪುರದವರಿಗೆ ಟೇಲರ್ ಸಾಹೇಬರು. ದಂಡಿನ ಬಜಾರುಗಳನ್ನು ನೋಡಿಕೊಂಡ, ಯುದ್ಧಕಾಲದಲ್ಲಿ ಎತ್ತುಗಳನ್ನು ಒದಗಿಸಿದ, ಕೊನೆಗೆ ರಾಯಚೂರು, ದೇವದುರ್ಗ, ಮಾನ್ವಿಗಳ ಸೀಮೆಯನ್ನು ಆಳಿದ ಅಧಿಕಾರಿ ಎಂಬ ಅವರ ಇನ್ನೊಂದು ಮುಖ ಅಷ್ಟಾಗಿ ಪರಿಚಿತವಲ್ಲ.

ಎರಡು ನದಿಗಳ ನಡುವಿನ ಸೀಮೆ

ನಮ್ಮ ಓದುಗರಲ್ಲಿ ಹೆಚ್ಚಿನವರು ಕರಾವಳಿಯವರು. ಮಾನ್ವಿ ಎಂದೊಡನೆ ಅವರಿಗೆ ಯೇಸುಸಭೆಯವರು ಅಲ್ಲಿ ನಡೆಸುತ್ತಿರುವ ಲೊಯೊಲಾ ಶಾಲೆ ನೆನಪಾಗಬಹುದು. ರಾಯಚೂರು ಎಂದರೆ ಬಿಸಿಲು, ಭತ್ತ, ಹತ್ತಿ ಮತ್ತು ವಿದ್ಯುತ್ ಸ್ಥಾವರ. ಆದರೆ ಚರಿತ್ರೆಯಲ್ಲಿ ಈ ಸೀಮೆಗೆ ಇದ್ದ ಹೆಸರು ದೋಆಬ್, ಅಂದರೆ ಎರಡು ನೀರುಗಳ ನಡುವಿನ ನೆಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗ ಕೃಷ್ಣೆಯ ಕಡೆಗಿದೆ, ಮಾನ್ವಿ ತುಂಗಭದ್ರೆಯ ಕಡೆಗಿದೆ, ರಾಯಚೂರಿನ ಕೋಟೆ ಪೂರ್ವದ ಕಡೆ ನಿಂತಿದೆ.

ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಹಾಗೂ ಬಿಜಾಪುರದ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯರು ರಾಯಚೂರನ್ನು ಗೆದ್ದುಕೊಂಡಾಗ ಪೋರ್ಚುಗೀಸ್ ಕೋವಿಗಾರರ ಒಂದು ಸಣ್ಣ ತಂಡ ಅವರ ಪಕ್ಷದಲ್ಲಿತ್ತು. ಆ ದಂಡಯಾತ್ರೆಯನ್ನು ವರ್ಣಿಸಿದ ಪೋರ್ಚುಗೀಸ್ ವರ್ತಕ ನೂನಿಜ್, ಪಾಳೆಯದೊಳಗೆ ನಡೆಯುತ್ತಿದ್ದ ದೊಡ್ಡ ಸಂತೆಯನ್ನು ಬೆರಗಿನಿಂದ ದಾಖಲಿಸಿದ್ದಾನೆ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವುಳ್ಳ ಸುಮಾರು 41 ಅಡಿ ಉದ್ದದ ಒಂದು ಕಲ್ಲಿದೆ. ಆ ಕಲ್ಲನ್ನು ಗಾಡಿಯ ಮೇಲೆ ಹೇರಿ, ಕೋಣಗಳನ್ನು ಜೋಡಿ ಜೋಡಿಯಾಗಿ ಹೂಡಿ ತಂದ ದೃಶ್ಯವನ್ನೂ ಅಲ್ಲೇ ಕೆತ್ತಿದ್ದಾರೆ. ಹೊರೆ ಎಳೆಯುವ ಪಶುವಿಲ್ಲದೆ ಕೋಟೆಯೂ ಇಲ್ಲ, ಕಾಳು ಒದಗಿಸುವ ರೈತನಿಲ್ಲದೆ ದಂಡೂ ಇಲ್ಲ ಎಂಬುದನ್ನು ಈ ಸೀಮೆಯವರು ಬಹಳ ಹಿಂದೆಯೇ ಅರಿತಿದ್ದರು.

ಲಿವರ್‌ಪೂಲಿನ ಹುಡುಗ

ಮೆಡೋಸ್ ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ವರ್ತಕರು. ವ್ಯಾಪಾರ ಕೈಕೊಟ್ಟಿದ್ದರಿಂದ ಮಗ ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟು ಒಂದು ವ್ಯಾಪಾರದ ಮನೆಯಲ್ಲಿ ಗುಮಾಸ್ತನಾಗಬೇಕಾಯಿತು. 1824ರಲ್ಲಿ, ಹದಿನಾರು ತುಂಬುವ ಮೊದಲೇ, ಅವನನ್ನು ಬೊಂಬಾಯಿಯ ಒಬ್ಬ ವರ್ತಕನ ಬಳಿಗೆ ಕಳುಹಿಸಲಾಯಿತು. ಮುಂದೆ ವ್ಯಾಪಾರದಲ್ಲಿ ಪಾಲು ಸಿಗುತ್ತದೆ ಎಂಬ ಭರವಸೆಯಿತ್ತು. ಬಂದು ನೋಡಿದರೆ ಆ ವರ್ತಕನೇ ಸಾಲದಲ್ಲಿ ಮುಳುಗಿದ್ದ. ಬೊಂಬಾಯಿ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬ ಬಂಧು ಕೈಹಿಡಿದು, ಹೈದರಾಬಾದಿನ ನಿಜಾಮರ ಸೇನೆಯಲ್ಲಿ ಹುಡುಗನಿಗೆ ಒಂದು ಅಧಿಕಾರಿ ಹುದ್ದೆ ದೊರಕಿಸಿಕೊಟ್ಟರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಟೇಲರ್ ಈಸ್ಟ್ ಇಂಡಿಯಾ ಕಂಪನಿಯ ನೌಕರರಾಗಿರಲಿಲ್ಲ. ನಿಜಾಮರ ಸಂಬಳ ತಿನ್ನುವ ಸ್ಥಳೀಯ ಅಧಿಕಾರಿಗಳನ್ನು ಕಂಪನಿಯವರು ಒಂದು ಮೆಟ್ಟಿಲು ಕೆಳಗಿನವರೆಂದೇ ಕಾಣುತ್ತಿದ್ದರು. ಶಿಫಾರಸು ಮಾಡುವವರಿಲ್ಲದ ಈ ಯುವಕನಿಗೆ ಉಳಿದ ದಾರಿ ಒಂದೇ, ದುಡಿದು ಕಲಿಯುವುದು. ಹಿಂದೂಸ್ತಾನಿ, ಮರಾಠಿ, ಪಾರಸಿ ಭಾಷೆಗಳನ್ನು ಅವರು ಕಲಿತರು. ಭೂಮಾಪನ, ಕಾನೂನು, ಕಟ್ಟಡ ಕೆಲಸಗಳನ್ನು ಸ್ವಪ್ರಯತ್ನದಿಂದ ಅಭ್ಯಾಸ ಮಾಡಿದರು. ಇಪ್ಪತ್ತು ದಾಟುವ ಮೊದಲೇ ನೈರುತ್ಯ ಜಿಲ್ಲೆಗಳ ಪೊಲೀಸ್ ವ್ಯವಸ್ಥೆಯ ಹೊಣೆ ಅವರ ಹೆಗಲೇರಿತು.

ದಂಡಿನ ಬಜಾರು

ಆ ಕಾಲದ ಸೈನ್ಯಕ್ಕೆ ಇಂದಿನಂತೆ ಸರಕಾರಿ ಅಡುಗೆಮನೆಯಾಗಲಿ ಪಡಿತರದ ಲಾರಿಯಾಗಲಿ ಇರಲಿಲ್ಲ. ಪ್ರತಿ ದಂಡಿನ ಬೆನ್ನಿಗೂ ಒಂದು ಬಜಾರು ಇರುತ್ತಿತ್ತು. ಧಾನ್ಯದವರು, ಎಣ್ಣೆಯವರು, ಬಟ್ಟೆಯವರು, ಶರಾಫರು, ಮೇವಿನವರು ಎಲ್ಲರೂ ಸಿಪಾಯಿಗಳ ಜೊತೆಯಲ್ಲೇ ಊರಿಂದೂರಿಗೆ ಸಾಗುತ್ತಿದ್ದರು. ಸಿಪಾಯಿ ತನ್ನ ಸಂಬಳದಿಂದ ಹಿಟ್ಟು, ಬೇಳೆ, ತುಪ್ಪ ಕೊಂಡು ತಾನೇ ಬೇಯಿಸಿಕೊಳ್ಳಬೇಕು. ದೂರದಿಂದ ಕಾಳು ತರುವವರು ಬಂಜಾರರು, ನಮ್ಮ ನಾಡಿನ ಲಂಬಾಣಿಗಳು. ಸಾವಿರಾರು ಎತ್ತುಗಳ ಬೆನ್ನ ಮೇಲೆ ಗೋಣಿಚೀಲ ಹೇರಿ, ಕುಟುಂಬ ಸಮೇತ ನಡೆದು ಬರುತ್ತಿದ್ದ ಆ ಜನರೇ ದಖ್ಖನಿನ ನಿಜವಾದ ಸರಬರಾಜು ಪಡೆ.

ಹೈದರಾಬಾದಿನ ಬಳಿಯ ಬೊಲ್ಲಾರಂ ದಂಡಿನಲ್ಲಿ ಇಂತಹ ಬಜಾರುಗಳ ಉಸ್ತುವಾರಿಯನ್ನು ಟೇಲರ್ ನೋಡಿಕೊಂಡರು. ಈ ಕೆಲಸಕ್ಕೆ ಯುದ್ಧದ ಕೀರ್ತಿಯಿಲ್ಲ. ನಿರಖು ಗೊತ್ತುಮಾಡಬೇಕು, ತೂಕ ಅಳತೆ ಪರೀಕ್ಷಿಸಬೇಕು, ಸಾಲದ ಜಗಳ ತೀರಿಸಬೇಕು, ಕಳ್ಳರನ್ನು ಹಿಡಿಸಬೇಕು. ಧಾನ್ಯದ ಬೆಲೆ ಏರಿದರೆ ಸಿಪಾಯಿ ಗೊಣಗುತ್ತಾನೆ. ಇಳಿಸಿದರೆ ವರ್ತಕ ಬರುವುದನ್ನೇ ನಿಲ್ಲಿಸುತ್ತಾನೆ. ಕೊರತೆ ಬಿದ್ದಾಗ ಹಳ್ಳಿಗೆ ನುಗ್ಗಿ ಕಿತ್ತುಕೊಳ್ಳುವುದು ಸುಲಭವಾದ ದಾರಿ. ಬಿಟ್ಟಿ ಬೇಗಾರಿಯ ಹೆಸರಿನಲ್ಲಿ ಗಾಡಿ, ಎತ್ತು, ಆಳುಗಳನ್ನು ಹಿಡಿದುಕೊಂಡು ಹೋಗುವುದು ಆಗ ಎಲ್ಲೆಡೆ ರೂಢಿಯಲ್ಲಿತ್ತು.

ವರ್ತಕರ ಮೋಸವನ್ನು ಅವರು ಎದುರಿಸುತ್ತಿದ್ದ ರೀತಿಗೆ ಅವರ ಆತ್ಮಕಥೆಯಲ್ಲೇ ಒಂದು ನಿದರ್ಶನವಿದೆ. ಪೊಲೀಸ್ ಅಧಿಕಾರಿಯಾಗಿದ್ದ ದಿನಗಳಲ್ಲಿ, ತುಳಜಾಪುರದ ಯಾತ್ರಿಕರು ಸಾಗುವ ದಾರಿಯಲ್ಲಿ, ಹಿಟ್ಟಿಗೆ ಮರಳು ಬೆರೆಸಿ ಮಾರುತ್ತಿದ್ದಾರೆ ಎಂಬ ದೂರು ಬಂತು. ಅವರು ಆ ವ್ಯಾಪಾರಿಗಳನ್ನು ಕರೆಸಿ, ಅವರವರ ಅಂಗಡಿಯ ಹಿಟ್ಟನ್ನು ಅವರ ಮುಂದೆಯೇ ಇಡಿಸಿ, ಎಲ್ಲರೆದುರು ತಿನ್ನಲು ಹೇಳಿದರು. ಹಲ್ಲಿಗೆ ಮರಳು ಸಿಕ್ಕವರು ಕೈಮುಗಿದು ತಪ್ಪೊಪ್ಪಿಕೊಂಡರು. ದಂಡ, ಛಡಿಯೇಟುಗಳಿಗಿಂತ ಈ ಶಿಕ್ಷೆ ಹೆಚ್ಚು ದಿನ ನೆನಪಿನಲ್ಲಿ ಉಳಿಯಿತೆಂದು ಬೇರೆ ಹೇಳಬೇಕಾಗಿಲ್ಲ.

ಲೇಖನಿ ಮತ್ತು ಕುಟುಂಬ

1832ರಲ್ಲಿ ಟೇಲರ್ ಅವರು ಹೈದರಾಬಾದಿನ ಪ್ರಸಿದ್ಧ ಲೇವಾದೇವಿಗಾರ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನು ಮದುವೆಯಾದರು. ಪಾಮರ್ ಅವರ ತಂದೆ ಇಂಗ್ಲಿಷ್ ಸೇನಾನಿ, ತಾಯಿ ಭಾರತದ ಮುಸ್ಲಿಂ ಮನೆತನದವರು. ಈ ಸಂಬಂಧದಿಂದ ದಖ್ಖನಿನ ಮನೆಮಾತು, ಆಚಾರ ವಿಚಾರಗಳು ಟೇಲರ್ ಅವರಿಗೆ ಇನ್ನಷ್ಟು ಹತ್ತಿರವಾದವು. ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ, ಠಕ್ಕರ ಕುರಿತ ಅವರ ಮೊದಲ ಕಾದಂಬರಿ ಪ್ರಕಟವಾಗಿ ಅವರನ್ನು ಹೆಸರುವಾಸಿಯಾಗಿಸಿತು. ಮರುವರ್ಷ ಟಿಪ್ಪು ಸುಲ್ತಾನನ ಕುರಿತ ಕಾದಂಬರಿ ಬಂತು. ಅಂದಿನಿಂದ ಹಲವು ವರ್ಷ ಅವರು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಭಾರತದಿಂದ ವರದಿಗಳನ್ನೂ ಬರೆದರು. ಮೇರಿ 1844ರಲ್ಲಿ ತೀರಿಕೊಂಡರು. ಟೇಲರ್ ಮರುಮದುವೆಯಾಗಲಿಲ್ಲ.

ಸುರಪುರದ ಹನ್ನೊಂದು ವರ್ಷ

ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸುರಪುರದ ಸೀಮೆ. ಇಂದು ಯಾದಗಿರಿ ಜಿಲ್ಲೆಗೆ ಸೇರಿದ ಈ ಊರು ಆಗ ಬೇಡ ನಾಯಕರ ಸಂಸ್ಥಾನ. 1842ರಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಬಾಲಕ. ಚಿಕ್ಕಪ್ಪ ಪಿಡ್ಡನಾಯಕರಿಗೂ ತಾಯಿ ರಾಣಿ ಈಶ್ವರಮ್ಮನವರಿಗೂ ಅಧಿಕಾರಕ್ಕಾಗಿ ತಿಕ್ಕಾಟ. ಬೊಕ್ಕಸ ಬರಿದು, ನಿಜಾಮರಿಗೆ ಸಲ್ಲಬೇಕಾದ ನಜರಾಣೆಯ ಬಾಕಿ ಬೆಟ್ಟದಷ್ಟು. ಇಂತಹ ಹೊತ್ತಿನಲ್ಲಿ ಟೇಲರ್ ಅಲ್ಲಿಗೆ ರಾಜಕೀಯ ಏಜೆಂಟರಾಗಿ ಬಂದರು.

1853ರವರೆಗೆ ಅವರು ಸಂಸ್ಥಾನದ ಲೆಕ್ಕಪತ್ರ ಸರಿಪಡಿಸಿದರು, ಸಾಲ ಇಳಿಸಿದರು, ರಸ್ತೆ ಮಾಡಿಸಿದರು, ಬೋನಾಳದ ಕೆರೆಯನ್ನು ಹಿಗ್ಗಿಸಿದರು. ಗುಡ್ಡದ ಮೇಲೆ ಅವರು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂದೇ ಪ್ರಸಿದ್ಧ. ಬಿಡುವಿನಲ್ಲಿ ರಾಜನ ಕೊಳ್ಳೂರು, ವಿಭೂತಿಹಳ್ಳಿ, ಜೇವರ್ಗಿಗಳ ಕಡೆ ಸುತ್ತಾಡಿ ಬೃಹತ್ ಶಿಲಾಯುಗದ ಸಮಾಧಿಗಳನ್ನೂ ಕಲ್ಲುಸಾಲುಗಳನ್ನೂ ಅಳೆದು, ಚಿತ್ರ ಬರೆದು, ಲೇಖನ ಪ್ರಕಟಿಸಿದರು. ಕರ್ನಾಟಕದ ಪುರಾತತ್ವ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರು.

ಬಾಲಕ ವೆಂಕಟಪ್ಪನಿಗೆ ಅವರು ಇಂಗ್ಲಿಷ್ ಕಲಿಸಿದರು, ಆಡಳಿತ ಕಲಿಸಿದರು. ತಂದೆಯಿಲ್ಲದ ಆ ಹುಡುಗ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದ.

ಸೈನ್ಯದ ಸಂಬಳಕ್ಕೆ ಅಡವಾದ ನೆಲ

1853 ನಮ್ಮ ಕಥೆಗೆ ಮುಖ್ಯ ವರ್ಷ. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯವನ್ನು ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದರು, ಅದರ ಖರ್ಚನ್ನು ನಿಜಾಮರು ಕೊಡಬೇಕಾಗಿತ್ತು. ಬಾಕಿ ಬೆಳೆಯುತ್ತಾ ಹೋಯಿತು. ಕೊನೆಗೆ ಗವರ್ನರ್ ಜನರಲ್ ಡಾಲ್‌ಹೌಸಿಯ ಒತ್ತಾಯಕ್ಕೆ ಮಣಿದು ನಿಜಾಮರು ಬೇರಾರ್, ಧಾರಾಶಿವ ಹಾಗೂ ರಾಯಚೂರು ದೋಆಬ್ ಪ್ರಾಂತಗಳನ್ನು ಬ್ರಿಟಿಷರ ವಶಕ್ಕೆ ಬಿಟ್ಟುಕೊಟ್ಟರು. ಅಂದರೆ ಮಾನ್ವಿಯ ಜೋಳದ ಹೊಲವೂ ದೇವದುರ್ಗದ ಹತ್ತಿಯ ಹೊಲವೂ ಒಂದು ಸೈನ್ಯದ ಸಂಬಳಕ್ಕಾಗಿ ಅಡವು ಬಿದ್ದವು. ರೈತ ಕಟ್ಟುವ ಕಂದಾಯ ನೇರವಾಗಿ ಸಿಪಾಯಿಯ ಪಗಾರವಾಯಿತು. ಈ ನಿರ್ಧಾರದಲ್ಲಿ ರೈತನ ಮಾತು ಯಾರೂ ಕೇಳಲಿಲ್ಲ.

ಟೇಲರ್ ಅವರಿಗೆ ಮೊದಲು ಸಿಕ್ಕಿದ್ದು ನಳದುರ್ಗ, ಅಂದರೆ ಧಾರಾಶಿವ ಪ್ರಾಂತ. ಅಲ್ಲಿ ಅವರು ಭೂಮಿಯನ್ನು ಅಳತೆ ಮಾಡಿಸಿ, ಮಣ್ಣಿನ ಗುಣ ನೋಡಿ ಕಂದಾಯ ನಿಗದಿ ಮಾಡಿದರು. ರೈತನ ಹೊರೆ ಹಗುರವಾಯಿತು, ಸರಕಾರದ ಆದಾಯವೂ ಏರಿತು. ಅಧಿಕಾರಿಗಳ ಮನಬಂದಂತೆ ವಸೂಲಿ ನಡೆಯುತ್ತಿದ್ದ ಸೀಮೆಯಲ್ಲಿ ಇದು ದೊಡ್ಡ ಬದಲಾವಣೆ. ಅಲ್ಲಿನ ಜನ ಅವರನ್ನು ಮಹಾದೇವ ಬಾಬಾ ಎಂದು ಕರೆಯತೊಡಗಿದರು.

ಯುದ್ಧಕಾಲದ ಎತ್ತುಗಳು

1857ರಲ್ಲಿ ಉತ್ತರ ಭಾರತ ಹೊತ್ತಿಕೊಂಡಾಗ ಹೈದರಾಬಾದಿನ ರೆಸಿಡೆಂಟ್ ಕರ್ನಲ್ ಡೇವಿಡ್ಸನ್ ಅವರು ಟೇಲರ್ ಅವರನ್ನು ಉತ್ತರ ಬೇರಾರಿನ ಬುಲ್ಡಾಣಕ್ಕೆ ಕಳುಹಿಸಿದರು. ಜೊತೆಗೆ ಕೊಡಲು ಸೈನ್ಯವಿರಲಿಲ್ಲ. ಇದ್ದ ಹಾಗೆಯೇ ಹೋಗಿ ಜಿಲ್ಲೆಯನ್ನು ಶಾಂತವಾಗಿ ಉಳಿಸಿಕೊಳ್ಳಬೇಕೆಂಬುದೇ ಆಜ್ಞೆಯ ಸಾರ. ಟೇಲರ್ ಹೋದರು, ಜಿಲ್ಲೆ ಶಾಂತವಾಗಿಯೇ ಉಳಿಯಿತು.

ಅದೇ ಹೊತ್ತಿಗೆ ಮಧ್ಯಭಾರತದ ಕಡೆ ಹೊರಟಿದ್ದ ಜನರಲ್ ವ್ಹಿಟ್‌ಲಾಕ್ ಅವರ ಪಡೆಗೆ ಭಾರೀ ತೋಪುಗಳನ್ನು ಎಳೆಯಲು ಎತ್ತುಗಳು ಬೇಕಾದವು. ಮುತ್ತಿಗೆಯ ತೋಪುಗಳೆಂದರೆ ಹತ್ತು ಹದಿನೈದು ಎತ್ತುಗಳಿಂದ ಆಗುವ ಕೆಲಸವಲ್ಲ. ತೋಪು, ಗುಂಡು, ಮದ್ದು, ದವಸ ಎಲ್ಲವೂ ಎತ್ತಿನ ಬಲದ ಮೇಲೆಯೇ ಸಾಗಬೇಕು. ಬೇಸಾಯದ ಜೀವವೇ ಆಗಿರುವ ಎತ್ತನ್ನು ಯಾವ ರೈತ ತಾನೇ ಸಂತೋಷದಿಂದ ಬಿಟ್ಟುಕೊಟ್ಟಾನು? ಸುತ್ತಲೂ ದಂಗೆಯ ಸುದ್ದಿ ಹಬ್ಬಿದ್ದ ಸಮಯದಲ್ಲಿ ಒಂದು ತಪ್ಪು ಹೆಜ್ಜೆ ಸಾಕು, ಇಡೀ ಜಿಲ್ಲೆ ತಿರುಗಿ ಬೀಳುತ್ತಿತ್ತು. ಟೇಲರ್ ಎತ್ತುಗಳನ್ನು ಕಲೆಹಾಕಿ ಕಳುಹಿಸಿಕೊಟ್ಟರು, ಊರುಗಳಲ್ಲಿ ಗಲಭೆಯೂ ಆಗಲಿಲ್ಲ. ಮೂವತ್ತು ವರ್ಷಗಳಿಂದ ಹಳ್ಳಿಯ ಪಟೇಲ, ಕುಲಕರ್ಣಿ, ವರ್ತಕರೊಡನೆ ವ್ಯವಹರಿಸಿ ಗಳಿಸಿದ್ದ ಅನುಭವ ಅಂದು ಅವರ ನೆರವಿಗೆ ಬಂತು. ಸರಕಾರ ಈ ಸೇವೆಯನ್ನು ಮೆಚ್ಚಿಕೊಂಡಿತು.

ಆದರೆ ಆ ಎತ್ತುಗಳು ಎಳೆದ ತೋಪುಗಳು ಯಾರ ಮೇಲೆ ಹಾರಿದವು ಎಂಬುದನ್ನೂ ನಾವು ಮರೆಯಬಾರದು. ಅವು ಬುಂದೇಲಖಂಡದಲ್ಲಿ, ಬಾಂದಾದಲ್ಲಿ, ಈ ನಾಡಿನ ಜನರ ಮೇಲೆಯೇ ಹಾರಿದವು. ಸರಬರಾಜು ಎಷ್ಟೇ ಪ್ರಾಮಾಣಿಕವಾಗಿರಲಿ, ಸರಬರಾಜುಗಾರನು ಯುದ್ಧದ ಹೊರಗೆ ನಿಂತವನಲ್ಲ.

ಮಗನಂತಿದ್ದವನ ಸಾವು

1858ರ ಫೆಬ್ರವರಿಯಲ್ಲಿ ಸುರಪುರವೂ ಎದ್ದು ನಿಂತಿತು. ಪ್ರಾಪ್ತ ವಯಸ್ಕನಾಗಿ ಅಧಿಕಾರ ವಹಿಸಿಕೊಂಡಿದ್ದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಶಸ್ತ್ರ ಹಿಡಿದರು. ದೋಆಬಿನ ಲಿಂಗಸುಗೂರು ದಂಡಿನಿಂದ ಬಂದ ಪಡೆಯ ಮೇಲೆ ಬೇಡರು ರಾತ್ರಿ ಎರಗಿದರು. ಮರುದಿನದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತ. ಬೇರೆ ದಿಕ್ಕುಗಳಿಂದಲೂ ಸೈನ್ಯ ಬರುತ್ತಿದೆ ಎಂದು ತಿಳಿದಾಗ ರಾಜರು ಸುರಪುರ ಬಿಟ್ಟು ಹೈದರಾಬಾದಿನ ಕಡೆ ಹೋದರು. ಅಲ್ಲಿ ಸಾಲಾರ್ ಜಂಗ್ ಅವರ ಕೈಗೆ ಸಿಕ್ಕಿ ಬ್ರಿಟಿಷರ ಬಂದಿಯಾದರು.

ಟೇಲರ್ ಸೆರೆಮನೆಗೆ ಹೋಗಿ ತಾವು ಬೆಳೆಸಿದ ಹುಡುಗನನ್ನು ಕಂಡರು. ಪ್ರೇರೇಪಿಸಿದವರ ಹೆಸರು ಹೇಳಿದರೆ ಅನುಕೂಲವಾಗಬಹುದೆಂಬ ಸೂಚನೆಗೆ ರಾಜರು ಒಪ್ಪಲಿಲ್ಲ. ಪ್ರಾಣಭಿಕ್ಷೆ ಬೇಡಲೂ ಅವರ ಮನಸ್ಸು ಬಾಗಲಿಲ್ಲ. ಕಾಲಾಪಾನಿ, ಸೆರೆವಾಸಗಳಿಗಿಂತ ಸಾವೇ ಲೇಸೆಂಬ ಭಾವ ಅವರದು. ಮರಣದಂಡನೆ ಮೊದಲು ಗಡೀಪಾರಾಗಿ, ಬಳಿಕ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯಾಗಿ ಇಳಿಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜರು ಸತ್ತರು. ಅವರೇ ಗುಂಡು ಹಾರಿಸಿಕೊಂಡರು ಎಂಬುದು ಸರಕಾರಿ ದಾಖಲೆ. ಅದನ್ನು ನಂಬದವರು ಸುರಪುರದಲ್ಲಿ ಅಂದೂ ಇದ್ದರು, ಇಂದೂ ಇದ್ದಾರೆ. ಇಪ್ಪತ್ತನಾಲ್ಕರ ಆಸುಪಾಸಿನ ಆ ತರುಣ ಇಂದು ಕರ್ನಾಟಕದ ಸ್ವಾತಂತ್ರ್ಯ ಸಮರದ ಹುತಾತ್ಮರಲ್ಲಿ ಒಬ್ಬರು.

ಮೆಡೋಸ್ ಟೇಲರ್ ಅವರ ಬದುಕಿನ ಅಗ್ನಿಪರೀಕ್ಷೆ ಇದೇ ಎಂದು ನಮಗೆ ತೋರುತ್ತದೆ. ಅವರು ಅಂತಃಕರಣವುಳ್ಳವರು, ರಾಜನನ್ನು ಪ್ರೀತಿಸಿದವರು, ಅವನ ಜೀವ ಉಳಿಯಲಿ ಎಂದು ಬಯಸಿದವರು. ಆದರೆ ಅವರು ದುಡಿದ ವ್ಯವಸ್ಥೆ ಆ ಪ್ರೀತಿಯ ಮಾತು ಕೇಳುವಂಥದ್ದಾಗಿರಲಿಲ್ಲ. ಒಳ್ಳೆಯ ಅಧಿಕಾರಿಯೊಬ್ಬ ಅನ್ಯಾಯದ ಆಳ್ವಿಕೆಯನ್ನು ಸಹ್ಯವಾಗಿಸಬಲ್ಲ, ನ್ಯಾಯವಾಗಿಸಲಾರ.

ದೋಆಬಿನ ಕಮಿಷನರ್

ಅದೇ 1858ರಲ್ಲಿ ಸುರಪುರ ಮತ್ತು ರಾಯಚೂರು ದೋಆಬ್ ಎರಡನ್ನೂ ಸರಕಾರ ಟೇಲರ್ ಅವರ ಕೈಗೆ ಒಪ್ಪಿಸಿತು. ಅರಸನನ್ನು ಕಳೆದುಕೊಂಡ ಸುರಪುರಕ್ಕೆ ಅವರು ಮರಳಿ ಬಂದದ್ದು ಎಂತಹ ಮನಸ್ಸಿನಿಂದ ಎಂಬುದನ್ನು ಓದುಗರೇ ಊಹಿಸಬಹುದು. ಕೃಷ್ಣೆಯ ಈಚೆ ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು, ಮುದಗಲ್ಲುಗಳೂ ಅವರ ಆಡಳಿತಕ್ಕೆ ಸೇರಿದವು. ಆದರೆ ಸಮಯ ಹೆಚ್ಚು ಸಿಗಲಿಲ್ಲ. ದುಡಿದು ದಣಿದ ದೇಹಕ್ಕೆ ಜ್ವರ ಅಂಟಿಕೊಂಡಿತ್ತು. 1860ರಲ್ಲಿ ಅವರು ಭಾರತ ಬಿಡಬೇಕಾಯಿತು.

ಅದೇ ವರ್ಷ ಹೊಸ ಒಪ್ಪಂದವಾಯಿತು. 1857ರಲ್ಲಿ ತಮ್ಮ ಪಕ್ಷದಲ್ಲಿ ನಿಂತದ್ದಕ್ಕೆ ಪ್ರತಿಫಲವಾಗಿ ಬ್ರಿಟಿಷರು ರಾಯಚೂರು ದೋಆಬ್ ಮತ್ತು ಧಾರಾಶಿವವನ್ನು ನಿಜಾಮರಿಗೆ ಹಿಂದಿರುಗಿಸಿದರು, ಸುರಪುರವನ್ನೂ ಕೊಟ್ಟುಬಿಟ್ಟರು. ಏಳು ವರ್ಷ ಅಡವಿದ್ದ ನೆಲ ಮತ್ತೆ ಕೈಬದಲಾಯಿತು. ಈ ಬಾರಿಯೂ ರೈತನನ್ನು ಯಾರೂ ಕೇಳಲಿಲ್ಲ.

ಪದಕ ಮತ್ತು ಕತ್ತಲೆ

ಐರ್ಲೆಂಡಿನ ಡಬ್ಲಿನ್ ಬಳಿ ನೆಲೆಸಿದ ಟೇಲರ್ ಚೇತರಿಸಿಕೊಂಡು ಮತ್ತೆ ಬರವಣಿಗೆಗೆ ಕುಳಿತರು. 1863ರಲ್ಲಿ ತಾರಾ, 1872ರಲ್ಲಿ ಸೀತಾ ಎಂಬ ಕಾದಂಬರಿಗಳು ಬಂದವು. 1870ರಲ್ಲಿ ಭಾರತದ ಇತಿಹಾಸದ ಕುರಿತ ಪಠ್ಯಪುಸ್ತಕ ಹೊರಬಂತು. 1869ರಲ್ಲಿ ಸರಕಾರ ಅವರಿಗೆ ಸ್ಟಾರ್ ಆಫ್ ಇಂಡಿಯಾ ಶ್ರೇಣಿಯ ಸಿ.ಎಸ್.ಐ. ಗೌರವವನ್ನು ನೀಡಿತು. ಕಂಪನಿಯ ಸೇವೆಗೆ ಎಂದೂ ಸೇರದ, ಕೆಳಗಿನ ಮೆಟ್ಟಿಲಿನವನೆಂದು ಎಣಿಸಲ್ಪಟ್ಟ ಅಧಿಕಾರಿಗೆ ಈ ಪದಕ ತಡವಾಗಿ ಬಂದರೂ ಸಲ್ಲಬೇಕಾದ ಮನ್ನಣೆಯೇ ಆಗಿತ್ತು.

ಅವರ ಕೊನೆಯ ಕಾದಂಬರಿ ನಮ್ಮ ಓದುಗರಿಗೆ ವಿಶೇಷ ಆಸಕ್ತಿಯದು. ಚಾಂದ್ ಬೀಬಿಯ ಕುರಿತ ಈ ಕೃತಿಯಲ್ಲಿ, ಆದಿಲ್ ಶಾಹಿ ಕಾಲದಲ್ಲಿ ಮುದಗಲ್ಲಿನಲ್ಲಿ ನೆಲೆಸಿದ್ದ ಕಥೋಲಿಕ ಸಮುದಾಯವೂ ಪೋರ್ಚುಗೀಸ್ ಗುರುಗಳೂ ಪಾತ್ರಗಳಾಗಿ ಬರುತ್ತಾರೆ. ಇಂದು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ಮುದಗಲ್ಲಿನ ಆ ಪುರಾತನ ಕ್ರೈಸ್ತ ಸಭೆ, ಟೇಲರ್ ಅವರ ಆಡಳಿತಕ್ಕೆ ಒಳಪಟ್ಟಿದ್ದ ಸೀಮೆಯಲ್ಲೇ ಇತ್ತು. ಗೋವೆಯಿಂದ ಇಷ್ಟು ಒಳನಾಡಿನಲ್ಲಿ, ಸುಲ್ತಾನರ ಆಳ್ವಿಕೆಯಲ್ಲಿ ಉಳಿದು ಬಂದ ಈ ಸಣ್ಣ ಸಮುದಾಯದ ಚಿತ್ರವನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟವರು ಅವರು.

1875ರ ಹೊತ್ತಿಗೆ ಅವರ ಕಣ್ಣು ಕಾಣದಾಯಿತು. ಆದರೂ ಸಾಲಾರ್ ಜಂಗ್ ಅವರ ಆಹ್ವಾನದ ಮೇರೆಗೆ ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಕಾಣದ ಕಣ್ಣುಗಳಿಗೆ ದಖ್ಖನಿನ ದನಿಗಳಾದರೂ ಕೇಳಿಸಿರಬೇಕು. ಅಲ್ಲಿ ಮತ್ತೆ ಜ್ವರ ಹಿಡಿಯಿತು. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟೋನ್‌ನಲ್ಲಿ ಅವರು ಕೊನೆಯುಸಿರೆಳೆದರು. ಆತ್ಮಕಥೆಯನ್ನು ಮಗಳು ಆಲಿಸ್ ಸಿದ್ಧಪಡಿಸಿ 1877ರಲ್ಲಿ ಪ್ರಕಟಿಸಿದರು.

ನಮಗೆ ಉಳಿದದ್ದು

ಇಂತಹ ವ್ಯಕ್ತಿಯನ್ನು ಪೂಜಿಸುವುದೂ ಬೇಡ, ಪರಕೀಯನೆಂದು ತಳ್ಳಿಹಾಕುವುದೂ ಬೇಡ. ಪರರ ಸೈನ್ಯಕ್ಕೆ ದುಡಿದವರಾದರೂ, ಆ ಸೈನ್ಯದ ಹಸಿವು ಬಡವನ ಅಂಗಳವನ್ನು ಬರಿದು ಮಾಡದಂತೆ ತಮ್ಮ ಕೈಲಾದಷ್ಟು ನೋಡಿಕೊಂಡರು. ಸರಿಯಾದ ತೂಕ, ಕಲಬೆರಕೆಯಿಲ್ಲದ ಹಿಟ್ಟು, ಅಳತೆ ಮಾಡಿ ಹಾಕಿದ ಕಂದಾಯ, ಬೇಸಿಗೆಗೆ ನೀರು ನಿಲ್ಲುವ ಕೆರೆ: ಒಬ್ಬ ಅಧಿಕಾರಿಯ ಪ್ರಾಮಾಣಿಕತೆಗೆ ಇವುಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸರಕಾರಿ ಹುದ್ದೆಗಳ ಕನಸು ಕಾಣುತ್ತಿರುವ ನಮ್ಮ ಯುವಕ ಯುವತಿಯರು, ಸೇನೆಯ ಸರಬರಾಜು ವಿಭಾಗದಲ್ಲಿ ದುಡಿದು ನಿವೃತ್ತರಾದ ನಮ್ಮ ಹಿರಿಯರು, ಈ ಬದುಕನ್ನು ಒಮ್ಮೆ ಓದಿ ನೋಡಬೇಕು. ರಾಯಚೂರಿನ ಕಡೆ ಹೋದವರು ಒಂದು ದಿನ ಹೆಚ್ಚು ಇಟ್ಟುಕೊಂಡು, ದೇವದುರ್ಗದ ದಾರಿಯಾಗಿ ಕೃಷ್ಣೆ ದಾಟಿ ಸುರಪುರಕ್ಕೂ ಹೋಗಿ ಬರಲಿ. ಬೋನಾಳದ ಕೆರೆ ಈಗ ಪಕ್ಷಿಧಾಮವಾಗಿದೆ. ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ, ಕೆಳಗೆ ಊರಿನಲ್ಲಿ ವೆಂಕಟಪ್ಪ ನಾಯಕರ ನೆನಪಿದೆ. ಒಂದನ್ನು ಕಂಡವರು ಇನ್ನೊಂದನ್ನು ಕಾಣದೆ ಮರಳಬಾರದು.